ನೆಲನೆಲ್ಲಿ ಕುಡಿದೆವು, ಕಾಮಾಲೆ ಹೋಯಿತು: ಗುಣ ಮಾಡಿದ್ದು ಯಾವುದು?

"ನನಗೇ ಗುಣವಾಗಿದೆ, ಇನ್ಯಾವ ಸಾಕ್ಷಿ ಬೇಕು?" ಮನೆಮದ್ದಿನ ಬಗ್ಗೆ ಪ್ರಶ್ನೆ ಎತ್ತಿದಾಗಲೆಲ್ಲ ಸಿಗುವ ಉತ್ತರ ಇದು. ಈ ಮಾತನ್ನು ತಳ್ಳಿಹಾಕುವುದು ನಮಗೂ ಸುಲಭವಲ್ಲ. ಏಕೆಂದರೆ ನಮಗೂ ಗುಣವಾಗಿದೆ.

ಹೈಸ್ಕೂಲಿನಲ್ಲಿದ್ದಾಗ ಒಂದು ಮಳೆಗಾಲದಲ್ಲಿ ನಮಗೂ ನಮ್ಮ ತಮ್ಮನಿಗೂ ಒಂದೇ ವಾರದಲ್ಲಿ ಕಾಮಾಲೆ ಬಂತು. ಶಾಲೆಯಲ್ಲಿ ಇನ್ನೂ ಕೆಲವರಿಗೆ ಬಂದಿತ್ತು. ಅಜ್ಜಿ ಗದ್ದೆಯ ಬದುವಿನಿಂದ ನೆಲನೆಲ್ಲಿ ಕಿತ್ತು ತಂದು, ಬೇರು ಸಮೇತ ಅರೆದು, ಮಜ್ಜಿಗೆಯಲ್ಲಿ ಕಲಸಿ ಬೆಳಗ್ಗೆ ಖಾಲಿ ಹೊಟ್ಟೆಗೆ ಕೊಟ್ಟರು. ಉಪ್ಪು, ಖಾರ, ಎಣ್ಣೆ ಎಲ್ಲ ಬಂದ್. ಮೂರು ವಾರಗಳಲ್ಲಿ ಕಣ್ಣು ಬೆಳ್ಳಗಾಯಿತು. ಅಂದಿನಿಂದ ಯಾರಿಗೆ ಕಾಮಾಲೆ ಬಂದರೂ ನಮ್ಮ ಮನೆಯಲ್ಲಿ ಹೇಳುವ ಮೊದಲ ಮಾತು ನೆಲನೆಲ್ಲಿ.

ಹಲವು ವರ್ಷಗಳ ನಂತರ ತಮ್ಮ ಒಂದು ಗುಟ್ಟು ಬಿಚ್ಚಿಟ್ಟ. ಆ ಕಹಿ ತಡೆಯಲಾಗದೆ ಎರಡನೆಯ ದಿನದಿಂದಲೇ ಲೋಟದಲ್ಲಿದ್ದುದನ್ನು ಹಿತ್ತಲಿನ ಬಸಳೆ ಚಪ್ಪರದ ಬುಡಕ್ಕೆ ಸುರಿಯುತ್ತಿದ್ದನಂತೆ. ಅವನ ಕಣ್ಣೂ ನಮ್ಮ ಜೊತೆಜೊತೆಗೇ ಬೆಳ್ಳಗಾಗಿತ್ತು.

ಹಾಗಾದರೆ ನಮ್ಮ ಕಾಮಾಲೆಯನ್ನು ಗುಣಪಡಿಸಿದ್ದು ಯಾವುದು? ಈ ಲೇಖನದಲ್ಲಿ ಅದನ್ನೇ ನೋಡೋಣ.

ಕಾಮಾಲೆ ರೋಗವಲ್ಲ, ರೋಗದ ಗುರುತು

ನಮ್ಮ ರಕ್ತದ ಕೆಂಪು ಕಣಗಳ ಆಯಸ್ಸು ಸುಮಾರು 120 ದಿನ. ಹಳೆಯ ಕಣಗಳು ಒಡೆದಾಗ ಅವುಗಳಲ್ಲಿರುವ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು, ಅಂದರೆ ಲಿವರ್, ಈ ಬಿಲಿರುಬಿನ್ನನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಪಿತ್ತರಸದ ಜೊತೆ ಕರುಳಿಗೆ ಕಳುಹಿಸುತ್ತದೆ. ಮಲದ ಕಂದು ಬಣ್ಣಕ್ಕೆ ಮೂಲ ಇದೇ. ಆರೋಗ್ಯವಂತರ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ ಸುಮಾರು 1 ಮಿಲಿಗ್ರಾಂನಷ್ಟು ಬಿಲಿರುಬಿನ್ ಇರುತ್ತದೆ. ಅದು 2ರಿಂದ 3 ಮಿಲಿಗ್ರಾಂ ದಾಟಿದಾಗ ಕಣ್ಣಿನ ಬಿಳಿ ಭಾಗ ಹಳದಿಯಾಗಿ ಕಾಣತೊಡಗುತ್ತದೆ. ನಾವು ಕಾಮಾಲೆ, ಅರಿಶಿನ ಕಾಮಾಲೆ, ಜಾಂಡೀಸ್ ಎಂದೆಲ್ಲ ಕರೆಯುವುದು ಇದನ್ನೇ.

ಈ ದಾರಿಯಲ್ಲಿ ತೊಂದರೆ ಮೂರು ಕಡೆ ಆಗಬಹುದು.

ಯಕೃತ್ತಿಗಿಂತ ಮೊದಲು: ಮಲೇರಿಯಾ ಅಥವಾ ಕೆಲವು ರಕ್ತದ ಕಾಯಿಲೆಗಳಲ್ಲಿ ಕೆಂಪು ಕಣಗಳು ಅತಿಯಾಗಿ ಒಡೆಯುತ್ತವೆ.

ಯಕೃತ್ತಿನಲ್ಲೇ: ಹೆಪಟೈಟಿಸ್ ವೈರಸ್‌ಗಳು, ಮದ್ಯ, ಇಲಿ ಜ್ವರ, ಅತಿಯಾದ ಪ್ಯಾರಸಿಟಮಾಲ್, ಇನ್ನೂ ಕೆಲವು ಔಷಧಿಗಳು ಯಕೃತ್ತಿನ ಜೀವಕೋಶಗಳಿಗೆ ಪೆಟ್ಟು ಕೊಡುತ್ತವೆ.

ಯಕೃತ್ತಿನ ನಂತರ: ಪಿತ್ತನಾಳಕ್ಕೆ ಕಲ್ಲು ಅಥವಾ ಗಡ್ಡೆ ಅಡ್ಡವಾಗಿ ಪಿತ್ತರಸ ಕರುಳಿಗೆ ಇಳಿಯುವುದೇ ಇಲ್ಲ.

ಮೂರರಲ್ಲೂ ಕಣ್ಣು ಹಳದಿಯೇ. ಆದರೆ ಚಿಕಿತ್ಸೆ ಬೇರೆ ಬೇರೆ. ಮಲೇರಿಯಾಕ್ಕೆ ಮಲೇರಿಯಾ ಔಷಧಿ ಬೇಕು, ಇಲಿ ಜ್ವರಕ್ಕೆ ಆ್ಯಂಟಿಬಯಾಟಿಕ್ ಬೇಕು, ಕಲ್ಲನ್ನು ತೆಗೆಯಬೇಕು. "ಕಾಮಾಲೆಗೆ ಔಷಧಿ" ಎಂದು ಒಂದೇ ಔಷಧಿ ಇರಲು ಸಾಧ್ಯವಿಲ್ಲ ಎನ್ನುವುದು ಇಲ್ಲೇ ಗೊತ್ತಾಗುತ್ತದೆ.

ತಾನಾಗಿಯೇ ಹೋಗುವ ಕಾಮಾಲೆ

ನಮ್ಮಲ್ಲಿ ಶಾಲಾ ಮಕ್ಕಳಿಗೆ, ಹಾಸ್ಟೆಲಿನವರಿಗೆ ಗುಂಪಾಗಿ ಬರುವ ಕಾಮಾಲೆಗೆ ಹೆಚ್ಚಾಗಿ ಕಾರಣ ಹೆಪಟೈಟಿಸ್ ಎ ಅಥವಾ ಇ ವೈರಸ್. ಎರಡೂ ಕಲುಷಿತ ನೀರು, ಆಹಾರದಿಂದ ಹರಡುತ್ತವೆ. ಹೆಪಟೈಟಿಸ್ ಎ ವೈರಸ್ ದೇಹ ಸೇರಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ 28 ದಿನ ಹಿಡಿಯುತ್ತದೆ. ಮೊದಲು ಜ್ವರ, ವಾಕರಿಕೆ, ಸುಸ್ತು. ಆಮೇಲೆ ಮೂತ್ರ ಗಾಢವಾಗುತ್ತದೆ, ಕಣ್ಣು ಹಳದಿಯಾಗುತ್ತದೆ.

ಮಲದ ಮೂಲಕ ವೈರಸ್ ಅತಿ ಹೆಚ್ಚು ಹೊರಬೀಳುವುದು ಕಣ್ಣು ಹಳದಿಯಾಗುವ ಮೊದಲಿನ ದಿನಗಳಲ್ಲಿ. ಹಳದಿ ಕಾಣುವ ಹೊತ್ತಿಗೆ ನಮ್ಮ ರೋಗನಿರೋಧಕ ವ್ಯವಸ್ಥೆ ಆಗಲೇ ಕೆಲಸ ಶುರು ಮಾಡಿರುತ್ತದೆ. ಅನೇಕರಿಗೆ ಜ್ವರ, ವಾಕರಿಕೆ ಆಗಲೇ ಇಳಿಮುಖವಾಗುತ್ತವೆ. ಆದರೆ ಮನೆಯವರ ಕಣ್ಣಿಗೆ ರೋಗ ಬೀಳುವುದೂ, ಗಿಡ ಹುಡುಕಲು ಹೊರಡುವುದೂ ಆಗಲೇ! ಔಷಧಿ ಆರಂಭಿಸಿದ ದಿನವೂ ದೇಹ ಚೇತರಿಸಿಕೊಳ್ಳಲು ಆರಂಭಿಸಿದ ದಿನವೂ ಹೀಗೆ ಅಕ್ಕಪಕ್ಕ ಬಂದುಬಿಡುತ್ತವೆ.

ಹೆಪಟೈಟಿಸ್ ಎ ಗೆ ನಿರ್ದಿಷ್ಟ ಔಷಧಿ ಇಲ್ಲ. ಬಹುಪಾಲು ಜನರಲ್ಲಿ ಅದು ಎರಡು ತಿಂಗಳೊಳಗೆ ಪೂರ್ತಿ ವಾಸಿಯಾಗುತ್ತದೆ, ಮಕ್ಕಳಲ್ಲಿ ಇನ್ನೂ ಬೇಗ. ನೆಲನೆಲ್ಲಿ ಕುಡಿದರೂ ಸರಿ, ಹರಳು ಎಲೆಯ ರಸ ಕುಡಿದರೂ ಸರಿ, ಬಸಳೆ ಬುಡಕ್ಕೆ ಸುರಿದರೂ ಸರಿ.

ಅನುಭವ ಹೇಗೆ ದಾರಿ ತಪ್ಪಿಸುತ್ತದೆ?

ನಮ್ಮ ಅನುಭವ ಸುಳ್ಳಲ್ಲ. ಕಾಮಾಲೆ ಬಂದದ್ದು ನಿಜ, ಔಷಧಿ ಕುಡಿದದ್ದು ನಿಜ, ಗುಣವಾದದ್ದೂ ನಿಜ. ತಪ್ಪುವುದು "ಕುಡಿದ ಮೇಲೆ ಗುಣವಾಯಿತು" ಎನ್ನುವುದನ್ನು "ಕುಡಿದಿದ್ದರಿಂದ ಗುಣವಾಯಿತು" ಎಂದು ಓದಿಕೊಳ್ಳುವಾಗ. ಕುಡಿಯದಿದ್ದರೆ ಏನಾಗುತ್ತಿತ್ತು ಎಂಬುದು ಒಬ್ಬರ ಅನುಭವದಲ್ಲಿ ಕಾಣುವುದೇ ಇಲ್ಲ.

ಒಂದು ಲೆಕ್ಕ ಕಲ್ಪಿಸಿಕೊಳ್ಳಿ. ಒಬ್ಬ ನಾಟಿ ವೈದ್ಯರ ಬಳಿ ಕಾಮಾಲೆಯ 100 ಮಂದಿ ಬಂದರು. 90 ಮಂದಿಗೆ ತಾನಾಗಿ ವಾಸಿಯಾಗುವ ಕಾಯಿಲೆ, ಉಳಿದ 10 ಮಂದಿಗೆ ಬೇರೆ ಗಂಭೀರ ಕಾರಣ. ವೈದ್ಯರು ಎಲ್ಲರಿಗೂ ಬರೀ ಬಣ್ಣದ ನೀರು ಕೊಟ್ಟರೂ 90 ಮಂದಿ ಗುಣವಾಗಿ, ಕಾಯಿ ಹಣ್ಣು ತಂದು ಕೈಮುಗಿಯುತ್ತಾರೆ. ಊರೂರಿಗೆ ಹೆಸರು ಹರಡುವವರು ಅವರೇ. ಉಳಿದ 10 ಮಂದಿ ಆಸ್ಪತ್ರೆಗೆ ಹೋಗುತ್ತಾರೆ, ಕೆಲವರು ಬದುಕುವುದಿಲ್ಲ. ಅವರು ವೈದ್ಯರ ಬಳಿ ಮರಳಿ ಬಂದು ದೂರು ಹೇಳುವುದಿಲ್ಲ. ಹೇಳಿದರೂ "ತಡವಾಗಿ ಬಂದಿರಿ", "ಪಥ್ಯ ಮುರಿದಿರಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೀಗಾಗಿ ವೈದ್ಯರು ಮೋಸಗಾರರಾಗಿರಬೇಕಿಲ್ಲ. ತಮ್ಮ ಔಷಧಿಯ ಬಗ್ಗೆ ಅವರಿಗೇ ಪ್ರಾಮಾಣಿಕ ನಂಬಿಕೆ ಇರುತ್ತದೆ, ಏಕೆಂದರೆ ಅವರ ಕಣ್ಣಿಗೆ ಕಂಡದ್ದೂ ಗುಣವಾದವರೇ.

ಇದರ ಜೊತೆ ನೆನಪೂ ಸೇರುತ್ತದೆ. ಫಲಿಸಿದ ಔಷಧಿಯ ಕಥೆಯನ್ನು ಮದುವೆ ಮನೆಯಲ್ಲೂ ಬಸ್ಸಿನಲ್ಲೂ ಹೇಳುತ್ತೇವೆ. ಫಲಿಸದ ಔಷಧಿಯನ್ನು ಮರೆತುಬಿಡುತ್ತೇವೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ನಂಬಿಕೆಗೂ ಅಂಥದೇ ಒಂದು ಕಣ್ಣು ಇರುತ್ತದೆ.

ತಮ್ಮನ ಕಥೆ ನೆಲನೆಲ್ಲಿ ನಿಷ್ಪ್ರಯೋಜಕ ಎಂದು ಸಾಬೀತು ಮಾಡುವುದಿಲ್ಲ ಎನ್ನುವುದನ್ನೂ ಹೇಳಬೇಕು. ಅದು ಇಬ್ಬರ ಕಥೆ ಮಾತ್ರ. ನಮ್ಮ ರಕ್ತ ಪರೀಕ್ಷೆಯೂ ಆಗಿರಲಿಲ್ಲ. ನಿಜ ತಿಳಿಯಬೇಕಾದರೆ ಒಂದೇ ಕಾಯಿಲೆಯ ಹಲವು ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಹುಸಿ ಔಷಧಿ ಕೊಟ್ಟು ಹೋಲಿಸಬೇಕು.

ನೆಲನೆಲ್ಲಿ ಪರೀಕ್ಷೆಗೆ ಕುಳಿತಾಗ

"ಹಿತ್ತಲ ಗಿಡ ಮದ್ದಲ್ಲ ಅಂತ ವಿಜ್ಞಾನಿಗಳು ಮೂಗು ಮುರಿಯುತ್ತಾರೆ" ಎಂಬ ದೂರು ಇದೆ. ನೆಲನೆಲ್ಲಿಯ ವಿಷಯದಲ್ಲಿ ನಡೆದದ್ದು ಬೇರೆ. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರೇ ಈ ಗಿಡದ ಬಗ್ಗೆ ಆಸಕ್ತಿ ತಳೆದರು. ಅವರೂ ಚೆನ್ನೈನ ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರೂ ಸೇರಿ ನಡೆಸಿದ ಪ್ರಯೋಗ 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟಾಗ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಔಷಧಿ ಪಡೆದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಜಗತ್ತೇ ತಿರುಗಿ ನೋಡುವಂಥ ಫಲಿತಾಂಶ ಅದು.

ಮುಂದಿನ ಹೆಜ್ಜೆ, ಬೇರೆಯವರು ಮಾಡಿದಾಗಲೂ ಅದೇ ಫಲ ಬರುತ್ತದೆಯೇ ಎಂದು ನೋಡುವುದು. ಥಾಯ್ಲೆಂಡ್, ನ್ಯೂಜಿಲೆಂಡ್ ಮೊದಲಾದೆಡೆ ಪ್ರಯೋಗ ಮಾಡಿದವರಿಗೆ ಆ ಫಲ ಸಿಗಲಿಲ್ಲ. 2011ರಲ್ಲಿ ಕಾಕ್ರೇನ್ ಸಂಸ್ಥೆ ಲಭ್ಯವಿದ್ದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ, ದೀರ್ಘಕಾಲದ ಹೆಪಟೈಟಿಸ್ ಬಿ ಗೆ ಈ ಗಿಡ ಹುಸಿ ಔಷಧಿಗಿಂತ ಉತ್ತಮ ಎನ್ನಲು ನಂಬುವಂಥ ಪುರಾವೆ ಇಲ್ಲ ಎಂದಿತು.

ಇನ್ನೂ ಒಂದು ವಿಷಯ ಗಮನಿಸಿ. ಈ ಪ್ರಯೋಗಗಳೆಲ್ಲ ನಡೆದದ್ದು ಹೆಪಟೈಟಿಸ್ ಬಿ ಮೇಲೆ. ಅದು ರಕ್ತ, ಲೈಂಗಿಕ ಸಂಪರ್ಕ ಮತ್ತು ತಾಯಿಯಿಂದ ಮಗುವಿಗೆ ಹರಡುವಂಥದು, ವರ್ಷಗಟ್ಟಲೆ ದೇಹದಲ್ಲಿ ಉಳಿಯಬಲ್ಲದು. ಮಳೆಗಾಲದಲ್ಲಿ ನೀರಿನಿಂದ ಬರುವ ಕಾಮಾಲೆಗೂ ಇದಕ್ಕೂ ವೈರಸ್ಸೇ ಬೇರೆ. "ನೆಲನೆಲ್ಲಿಯನ್ನು ವಿಜ್ಞಾನವೇ ಒಪ್ಪಿದೆ" ಎಂದು ಹಂಚಿಕೊಳ್ಳುವ ಸಂದೇಶಗಳಲ್ಲಿ ಈ ವ್ಯತ್ಯಾಸವೂ ಇರುವುದಿಲ್ಲ, ಆಮೇಲಿನ ಪ್ರಯೋಗಗಳ ಸುದ್ದಿಯೂ ಇರುವುದಿಲ್ಲ.

ಸುಣ್ಣದ ನೀರು, ಬೆಳೆಯುವ ಹಾರ, ಬರೆ

ಕೆಲವು ಕಡೆ ರೋಗಿಯ ಕೈಗೆ ಯಾವುದೋ ರಸ ಸವರಿ ಸುಣ್ಣದ ತಿಳಿನೀರಿನಲ್ಲಿ ತೊಳೆಸುತ್ತಾರೆ. ನೀರು ಹಳದಿಯಾಗುತ್ತದೆ, "ಕಾಮಾಲೆ ಇಳಿಯಿತು" ಎನ್ನುತ್ತಾರೆ. ಮಾವಿನ ಚೆಕ್ಕೆಯ ರಸಕ್ಕೆ ಸುಣ್ಣದ ನೀರು ತಾಗಿದರೆ ಹಳದಿ ಬಣ್ಣ ಬರುತ್ತದೆ, ಅಷ್ಟೇ. ಆರೋಗ್ಯವಂತರ ಕೈ ತೊಳೆದರೂ ಅದೇ ಬಣ್ಣ. ಬಿಲಿರುಬಿನ್ ಇರುವುದು ರಕ್ತದಲ್ಲಿ, ಅದು ಕೈ ತೊಳೆದರೆ ಹೋಗುವುದಿಲ್ಲ.

ಉತ್ತರ ಭಾರತದಲ್ಲಿ ಕಾಮಾಲೆಯ ಹಾರ ಹಾಕುವ ರೂಢಿ ಇದೆ. ಹಸಿ ಕಡ್ಡಿಯ ತುಂಡುಗಳನ್ನು ದಾರದಲ್ಲಿ ಬಿಗಿದು ಕಟ್ಟಿದ ಹಾರವದು. ತಲೆಯ ಮೇಲಿಟ್ಟರೆ ದಿನಗಳೆದಂತೆ ಉದ್ದವಾಗುತ್ತಾ ಕೆಳಗಿಳಿಯುತ್ತದೆ, ಅದರ ಜೊತೆ ಕಾಮಾಲೆಯೂ ಇಳಿಯುತ್ತದೆ ಎಂಬ ನಂಬಿಕೆ. ಕಡ್ಡಿ ಒಣಗಿ ತೆಳುವಾದಂತೆ ಗಂಟುಗಳು ಸಡಿಲವಾಗಿ ದಾರ ಹೊರಬರುವುದರಿಂದ ಹಾರ ಉದ್ದವಾಗುತ್ತದೆ. ಗೋಡೆಯ ಮೊಳೆಗೆ ನೇತುಹಾಕಿದರೂ ಉದ್ದವಾಗುತ್ತದೆ.

ಇವೆರಡರಿಂದ ನೇರ ಹಾನಿ ಕಡಿಮೆ. ಆದರೆ ಮೂಗಿಗೆ ಉರಿಯುವ ರಸ ಬಿಡುವುದು, ಕೈಗೆ ಕಾದ ಕಬ್ಬಿಣದಿಂದ ಬರೆ ಹಾಕುವುದು ಹಾಗಲ್ಲ. ಸುಟ್ಟ ಗಾಯ ಕೀವಾಗಬಹುದು. ಹಸುಗೂಸುಗಳಿಗೂ ಬರೆ ಹಾಕುತ್ತಾರೆ ಎನ್ನುವುದು ಸಂಕಟದ ವಿಷಯ.

"ಗಿಡಮೂಲಿಕೆ ತಾನೇ, ಏನೂ ಆಗಲ್ಲ"

ನಾವು ನುಂಗುವ ಬಹುತೇಕ ಎಲ್ಲವೂ ಯಕೃತ್ತಿನ ಮೂಲಕವೇ ಹಾದುಹೋಗಬೇಕು. ಅದು ಈಗಾಗಲೇ ಪೆಟ್ಟು ತಿಂದಿರುವಾಗ ಏನೆಂದು ಗೊತ್ತಿಲ್ಲದ, ಎಷ್ಟೆಂದು ಅಳತೆಯಿಲ್ಲದ ರಸ ಕುಡಿಸುವುದು ಸಣ್ಣ ವಿಷಯವಲ್ಲ.

ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿ ಕಷಾಯ ಮನೆಮನೆ ಸೇರಿತು. 2021ರಲ್ಲಿ ಮುಂಬೈನ ವೈದ್ಯರು, 2022ರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಅಮೃತಬಳ್ಳಿ ಸೇವನೆಯ ನಂತರ ಯಕೃತ್ತು ಹಾನಿಗೊಂಡವರ ವಿವರ ಪ್ರಕಟಿಸಿದರು. ಎರಡನೆಯ ವರದಿಯಲ್ಲಿ 43 ರೋಗಿಗಳಿದ್ದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಬೇರೆ ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದು ಎಂದಿತು. ಹಾಗೆಂದೇ ಇಟ್ಟುಕೊಳ್ಳೋಣ. ಬೇಲಿಯ ಮೇಲಿನ ಬಳ್ಳಿ ಯಾವುದೆಂದು ಗುರುತಿಸುವುದರಲ್ಲೇ ಎಡವಬಹುದಾದರೆ, ಅದೂ ಮನೆಮದ್ದಿನ ಅಪಾಯವೇ ಅಲ್ಲವೇ?

ಪಥ್ಯದ ಕಥೆಯೂ ಇಂಥದೇ. ಅರಿಶಿನ ತಿಂದರೆ ಕಾಮಾಲೆ ಹೆಚ್ಚುತ್ತದೆ ಎನ್ನುವುದಕ್ಕೆ ಎರಡರ ಬಣ್ಣ ಒಂದೇ ಎನ್ನುವುದರ ಹೊರತು ಆಧಾರವಿಲ್ಲ. ಉಪ್ಪು, ಎಣ್ಣೆ ಪೂರ್ತಿ ಬಿಟ್ಟು ಗಂಜಿ ಮಾತ್ರ ಕುಡಿಯಬೇಕೆಂದೂ ಇಲ್ಲ. ಹೊಟ್ಟೆಗೆ ಸೇರುವ ಸಾಮಾನ್ಯ, ಪೌಷ್ಟಿಕ ಊಟ ಮಾಡಬಹುದು. ಬಿಡಲೇಬೇಕಾದದ್ದು ಮದ್ಯ. ರಸ್ತೆಬದಿಯ ಕಬ್ಬಿನ ಹಾಲು ಕಾಮಾಲೆಗೆ ಒಳ್ಳೆಯದು ಎನ್ನುವವರು, ಅದಕ್ಕೆ ಹಾಕುವ ಐಸು ಯಾವ ನೀರಿನದು ಎಂದೂ ಕೇಳಬೇಕು. ಹೆಪಟೈಟಿಸ್ ಎ ಹರಡುವ ದಾರಿಗಳಲ್ಲಿ ಅದೂ ಒಂದು!

ನಮ್ಮ ಸಾಕ್ಷಿಯ ಬೆಲೆ

ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪನ ಕಣ್ಣು ಹಳದಿಯಾಯಿತು. ಮೈಯೆಲ್ಲ ತುರಿಕೆ, ಮಲ ಸುಣ್ಣದಂತೆ ಬಿಳಿ. "ನೆಲನೆಲ್ಲಿ ಕುಡಿಯಿರಿ ದೊಡ್ಡಪ್ಪ, ನಮಗೆ ಅದರಲ್ಲೇ ಹೋಯಿತು" ಎಂದು ಹೇಳಿದವರಲ್ಲಿ ನಾವೂ ಇದ್ದೆವು. ಅವರು ಕುಡಿದರು. ಎರಡನೆಯ ವಾರ ಹಳದಿ ತುಸು ಇಳಿಯಿತು, ಔಷಧಿ ಹಿಡಿಯಿತು ಎಂದುಕೊಂಡೆವು. ಮತ್ತೆ ಏರಿತು. ಐದನೆಯ ವಾರ ಚಳಿ ನಡುಗಿಸಿ ಜ್ವರ ಬಂದು, ಮಾತು ತೊದಲತೊಡಗಿದಾಗ ಆಸ್ಪತ್ರೆಗೆ ಸಾಗಿಸಿದೆವು.

ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಅದು ಆಚೀಚೆ ಸರಿದಾಗ ಪಿತ್ತರಸ ಸ್ವಲ್ಪ ಹರಿದು ಹಳದಿ ಇಳಿಯುತ್ತದೆ, ಮತ್ತೆ ಅಡ್ಡವಾದಾಗ ಏರುತ್ತದೆ. ನಾವು ಔಷಧಿಯ ಗುಣ ಎಂದುಕೊಂಡದ್ದು ಕಲ್ಲಿನ ಚಲನೆ ಇರಬೇಕು ಎಂದು ವೈದ್ಯರು ವಿವರಿಸಿದರು. ಕಟ್ಟಿಕೊಂಡ ಪಿತ್ತದಲ್ಲಿ ಸೋಂಕಾಗಿ ಅದು ರಕ್ತಕ್ಕೂ ಹರಡಿತ್ತು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಕಲ್ಲು ತೆಗೆದರು. ದೊಡ್ಡಪ್ಪ ಹಲವು ದಿನ ಐಸಿಯುನಲ್ಲಿದ್ದು ಬದುಕಿ ಬಂದರು. ಮೊದಲ ವಾರವೇ ಒಂದು ಸ್ಕ್ಯಾನ್ ಮಾಡಿಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ದೊಡ್ಡಪ್ಪ ಈಗಲೂ "ನೆಲನೆಲ್ಲಿ ಅರ್ಧ ಕೆಲಸ ಮಾಡಿತ್ತು, ಇನ್ನರ್ಧ ಡಾಕ್ಟರು ಮಾಡಿದರು" ಎನ್ನುತ್ತಾರೆ. ನಾವು ವಾದಕ್ಕೆ ಇಳಿಯುವುದಿಲ್ಲ. ಆದರೆ "ನಮಗೆ ಅದರಲ್ಲೇ ಹೋಯಿತು" ಎಂಬ ಮಾತನ್ನು ಅಂದಿನಿಂದ ಯಾರಿಗೂ ಹೇಳಿಲ್ಲ.

ಹಾಗಾದರೆ ಅನುಭವಕ್ಕೆ ಬೆಲೆಯೇ ಇಲ್ಲವೇ?

ಖಂಡಿತ ಇದೆ. ಅದಕ್ಕೂ ಕಾಮಾಲೆಯದೇ ಉದಾಹರಣೆ ಇದೆ. 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ನೋಡಿಕೊಳ್ಳುತ್ತಿದ್ದ ದಾದಿ ಜೀನ್ ವಾರ್ಡ್, ಮಕ್ಕಳನ್ನು ಬಿಸಿಲಿಗೆ ಕರೆದೊಯ್ಯುತ್ತಿದ್ದರು. 1956ರಲ್ಲಿ ಅವರು ಒಂದು ಶಿಶುವನ್ನು ವೈದ್ಯರಿಗೆ ತೋರಿಸಿದರು. ಬಟ್ಟೆ ಮುಚ್ಚಿದ್ದ ಭಾಗ ಮಾತ್ರ ಹಳದಿಯಾಗಿತ್ತು, ಬಿಸಿಲು ಬಿದ್ದ ಮೈ ತಿಳಿಯಾಗಿತ್ತು! ವೈದ್ಯರು ಇದನ್ನು ನಕ್ಕು ಬಿಡಲಿಲ್ಲ, ಹಾಗೆಯೇ ನಂಬಿಬಿಡಲೂ ಇಲ್ಲ. ಬೆಳಕು ಬಿದ್ದಾಗ ರಕ್ತದ ಬಿಲಿರುಬಿನ್ ಇಳಿಯುತ್ತದೆಯೇ ಎಂದು ಅಳೆದು ನೋಡಿ, ದೀಪದ ತೊಟ್ಟಿಲು ರೂಪಿಸಿ, 1958ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂದು ಹೆರಿಗೆ ಆಸ್ಪತ್ರೆಗಳಲ್ಲಿ ಹಳದಿಯಾದ ಶಿಶುಗಳನ್ನು ನೀಲಿ ಬೆಳಕಿನಡಿ ಮಲಗಿಸುವುದರ ಮೂಲ ಒಬ್ಬ ದಾದಿಯ ಅನುಭವ.

ಅನುಭವ ಪ್ರಶ್ನೆ ಹುಟ್ಟಿಸುತ್ತದೆ. ಉತ್ತರ ಕೊಡಬೇಕಾದದ್ದು ಪರೀಕ್ಷೆ. ಜೀನ್ ವಾರ್ಡ್ ಅವರ ಬಿಸಿಲು ಆ ಪರೀಕ್ಷೆಯಲ್ಲಿ ಗೆದ್ದಿತು, ನೆಲನೆಲ್ಲಿ ಇಲ್ಲಿಯವರೆಗೆ ಗೆದ್ದಿಲ್ಲ.

ಕಣ್ಣು ಹಳದಿಯಾದರೆ ಏನು ಮಾಡಬೇಕು?

• ಮೊದಲು ಯಾವ ಕಾಮಾಲೆ ಎಂದು ತಿಳಿದುಕೊಳ್ಳಿ. ವೈದ್ಯರು ಹೇಳಿದಂತೆ ಲಿವರ್ ಫಂಕ್ಷನ್ ಟೆಸ್ಟ್, ವೈರಸ್ ಪರೀಕ್ಷೆ, ಬೇಕಿದ್ದರೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿ.

• ಮಂಪರು, ಗೊಂದಲದ ಮಾತು, ರಕ್ತಸ್ರಾವ, ನಿಲ್ಲದ ವಾಂತಿ, ಚಳಿಜ್ವರ, ತೀವ್ರ ಹೊಟ್ಟೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಲ ಬಿಳಿಚಿಕೊಂಡು ಮೈ ತುರಿಸುತ್ತಿದ್ದರೆ ಪಿತ್ತನಾಳ ಕಟ್ಟಿರಬಹುದು.

• ಗರ್ಭಿಣಿಯರಿಗೆ ಕಾಮಾಲೆ ಬಂದರೆ ಮನೆಯಲ್ಲಿ ಕಾಯಬೇಡಿ. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಪ್ರಾಣಕ್ಕೇ ಕುತ್ತಾಗಬಹುದು.

• ನವಜಾತ ಶಿಶುಗಳಲ್ಲಿ ಸೌಮ್ಯ ಹಳದಿ ಸಾಮಾನ್ಯ. ಆದರೆ ಹುಟ್ಟಿದ 24 ಗಂಟೆಯೊಳಗೆ ಕಂಡರೆ, ಅಂಗಾಲಿನವರೆಗೆ ಹರಡಿದರೆ, ಮಗು ಹಾಲು ಕುಡಿಯದಿದ್ದರೆ ಅಥವಾ ಎರಡು ವಾರ ದಾಟಿದರೆ ತಕ್ಷಣ ತೋರಿಸಿ. ಬಿಲಿರುಬಿನ್ ಅತಿಯಾದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಮನೆಯಂಗಳದ ಬಿಸಿಲು ಆಸ್ಪತ್ರೆಯ ಬೆಳಕಿಗೆ ಬದಲಿಯಲ್ಲ.

• ಮನೆಯಲ್ಲಿ ಈಗಾಗಲೇ ಏನಾದರೂ ಕುಡಿಸಿದ್ದರೆ ವೈದ್ಯರ ಬಳಿ ಮುಚ್ಚಿಡಬೇಡಿ. ಬೈದಾರು ಎಂಬ ಭಯಕ್ಕಿಂತ ಆ ಮಾಹಿತಿ ದೊಡ್ಡದು.

• ಕುದಿಸಿ ಆರಿಸಿದ ನೀರು, ಸೋಪಿನಿಂದ ಕೈ ತೊಳೆಯುವುದು ಎ ಮತ್ತು ಇ ಎರಡನ್ನೂ ದೂರವಿಡುತ್ತವೆ. ಹೆಪಟೈಟಿಸ್ ಎ ಮತ್ತು ಬಿ ಗೆ ಲಸಿಕೆಗಳಿವೆ. ಬಿ ಲಸಿಕೆ ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲೇ ಇದೆ, ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ ಸಿಗಬೇಕು.

ಅಜ್ಜಿ ಬೆಳಗಿನ ಜಾವ ಎದ್ದು ನಮಗಾಗಿ ಗಿಡ ಹುಡುಕಿದ ಅಕ್ಕರೆಯ ಬಗ್ಗೆ ನಮಗೆ ಎರಡು ಮಾತಿಲ್ಲ. ನಿಮ್ಮ ಮನೆಯಲ್ಲೂ ಅಂಥ ಅಕ್ಕರೆಯವರು ಇರುತ್ತಾರೆ. ಅವರ ಮನ ನೋಯಿಸಬೇಕಿಲ್ಲ. "ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿಬಿಡೋಣ ಅಜ್ಜಿ" ಎಂದರೆ ಸಾಕು.